ಎಳ್ಳನ್ನು ಕೇಳಿಕೊಂಡು ಬರುವವರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಎಳ್ಳು ಅನ್ನುವ ನಾಯಿಗೆ ನಾನು ಮನೆ ಹುಡುಕುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಈಗಾಗಲೇ ಫೋನ್ ಮಾಡಿದ್ದೀರಿ. ಕೆಲವರು ಫೋಟೋ ನೋಡಿ "ಅಯ್ಯೋ ಎಷ್ಟು ಮುದ್ದು" ಅಂದು ಸುಮ್ಮನಾಗಿದ್ದೀರಿ. ಇನ್ನು ಕೆಲವರು ನಾಳೆಯೋ ನಾಡಿದ್ದೋ ಕೇಳಬಹುದು. ಒಬ್ಬೊಬ್ಬರಿಗೂ ಅದೇ ಕಥೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಎಳ್ಳನ್ನು ಸಾಕುವ ಯೋಚನೆಯನ್ನೂ ಇಲ್ಲಿಗೇ ಬಿಡಬಹುದು. ಬೇಜಾರು ಮಾಡಿಕೊಳ್ಳಬೇಡಿ. ನಾಯಿ ಸಾಕಲು ಬೇಕಾಗುವ ಪುರುಸೊತ್ತು ಇದಕ್ಕಿಂತ ತುಂಬಾ ಜಾಸ್ತಿ.

ಎಳ್ಳು ಸಿಕ್ಕಿದ್ದು ಸಂಕ್ರಾಂತಿಯ ಮಾರನೆಯ ದಿನ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ಬಂಡಿಪಾಳ್ಯದ ಮಾರ್ಕೆಟ್ ಯಾರ್ಡಿನ ಹತ್ತಿರ. ಹಬ್ಬಕ್ಕೆ ಬಂದು ಮಾರಾಟವಾಗದೆ ಉಳಿದ ಕಬ್ಬಿನ ಜಲ್ಲೆಗಳನ್ನು ರಸ್ತೆ ಬದಿಗೆ ಎಸೆದು ಹೋಗಿದ್ದರು. ಆ ರಾಶಿಯ ಪಕ್ಕದಲ್ಲಿ ಬಿದ್ದಿದ್ದಳು. ಹಿಂದಿನ ಎಡಗಾಲು ಯಾವ ಕಡೆಗೆ ತಿರುಗಬಾರದೋ ಆ ಕಡೆಗೆ ತಿರುಗಿತ್ತು. ಸುತ್ತ ನಾಲ್ಕೈದು ಜನ ನಿಂತಿದ್ದರು. ಒಬ್ಬರು ತಲೆ ಮೇಲೆ ನೀರು ಹಾಕುತ್ತಿದ್ದರು. ಇನ್ನೊಬ್ಬರು ಮೂತಿಯ ಹತ್ತಿರ ಬಿಸ್ಕತ್ತು ಇಟ್ಟಿದ್ದರು. ಎಲ್ಲರಿಗೂ ಪಾಪ ಅನ್ನಿಸಿತ್ತು, ಎತ್ತಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ. ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚಿಬಿಡುತ್ತದೆ.

ಮೂರು ನಾಲ್ಕು ಕಡೆ ಫೋನ್ ಮಾಡಿದೆ. ಇವರು ಅವರನ್ನು ಕೇಳಿ ಅಂದರು, ಅವರು ಇನ್ನೊಬ್ಬರ ನಂಬರ್ ಕೊಟ್ಟರು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಅಂತ ಗಾದೆ ಇದೆಯಲ್ಲ, ಅವತ್ತು ಅದು ನಾಯಿಯ ವಿಷಯದಲ್ಲೇ ನಡೆಯಿತು. ಕೊನೆಗೆ ಒಬ್ಬ ಆಟೋದವರು ಸೀಟಿನ ಕೆಳಗಿದ್ದ ಗೋಣಿಚೀಲ ತೆಗೆದು ಅವಳ ಮೇಲೆ ಹೊದಿಸಿದರು. "ನೀವು ಮೂತಿಗೆ ಟವೆಲ್ ಸುತ್ತಿ, ಹಿಂದೆ ನಾನು ಹಿಡ್ಕೋತೀನಿ" ಅಂದರು. ಆಸ್ಪತ್ರೆ ತಲುಪಿದ ಮೇಲೆ ಬಾಡಿಗೆ ಕೊಡಲು ಹೋದರೆ ತಗೊಳ್ಳಲಿಲ್ಲ. ಸೀಟಿನ ಮೇಲೆ ರಕ್ತ ಆಗಿತ್ತು, ಅದನ್ನು ಒರೆಸಲು ಒಂದು ಬಕೆಟ್ ನೀರು ಕೇಳಿದರು, ಅಷ್ಟೆ.

ಕಪ್ಪು ಬಣ್ಣ, ಸಂಕ್ರಾಂತಿ ಹೊತ್ತಿನಲ್ಲಿ ಸಿಕ್ಕಿದವಳು. ಪಕ್ಕದ ಮನೆಯ ಹುಡುಗಿ ಎಳ್ಳು ಅಂತ ಹೆಸರಿಟ್ಟಳು. ಕಂದು ಬಣ್ಣದ್ದು ಸಿಕ್ಕರೆ ಬೆಲ್ಲ ಅಂತ ಇಡೋಣ ಅಂತಲೂ ಹೇಳಿದ್ದಾಳೆ. ದಯವಿಟ್ಟು ಯಾರೂ ಆ ಹುಡುಗಿಗೆ ಬೆಲ್ಲ ಹುಡುಕಿಕೊಡಬೇಡಿ.

ಕಾಲಿಗಿಂತ ದೊಡ್ಡ ತೊಂದರೆ ಕುತ್ತಿಗೆಯಲ್ಲಿತ್ತು. ಆಟೋದಲ್ಲೇ ವಾಸನೆ ಬರುತ್ತಿತ್ತು. ಡಾಕ್ಟರು ಕೂದಲು ಬೋಳಿಸಿ ನೋಡಿದರೆ ಸುತ್ತಲೂ ಗಾಯ, ಗಾಯದ ತುಂಬ ಹುಳು. ಹುಳುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದಾಗ ಒಳಗೆ ನೀಲಿ ಬಣ್ಣದ ಏನೋ ಕಂಡಿತು. ನೈಲಾನ್ ಹಗ್ಗ. ಬಟ್ಟೆ ಒಣಗಿಸಲು ಕಟ್ಟುತ್ತೇವಲ್ಲ, ಅದೇ. ಮರಿಯಾಗಿದ್ದಾಗ ಯಾರೋ ಕಟ್ಟಿದ್ದರು. ಕುತ್ತಿಗೆ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಚರ್ಮ ಅದನ್ನು ಮುಚ್ಚಿಕೊಂಡು ಬೆಳೆದಿತ್ತು. ಕತ್ತರಿಸಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು.

ಇಂಥದ್ದು ಅಪರೂಪವೇನಲ್ಲ, ಎರಡು ಮೂರು ತಿಂಗಳಿಗೊಂದು ಬರುತ್ತದೆ ಅಂತ ಡಾಕ್ಟರು ಹೇಳಿದರು. ಆದರೆ ಆ ಹಗ್ಗದ ತುಂಡು ನೋಡಿದ ಮೇಲೆ ಎಳ್ಳಿನ ಕಥೆ ನನಗೆ ಬೇರೆ ಥರ ಕಾಣಿಸಿತು. ಇವಳು ಬೀದಿಯಲ್ಲಿ ಹುಟ್ಟಿರಬಹುದು, ಬೀದಿಯಲ್ಲೇ ಬೆಳೆದವಳಲ್ಲ. ಯಾರೋ ಇಷ್ಟಪಟ್ಟು ಮನೆಗೆ ತಂದಿದ್ದರು. ಅವರೂ ಒಂದು ಹೆಸರಿಟ್ಟಿರಬಹುದು. ಮಕ್ಕಳು ಮುದ್ದು ಮಾಡಿರಬಹುದು. ಆಮೇಲೆ ಯಾವತ್ತೋ ಬೇಡವಾಗಿ ಬಿಟ್ಟು ಹೋದರು. ಹಗ್ಗ ಬಿಚ್ಚುವ ತಾಳ್ಮೆಯೂ ಇರಲಿಲ್ಲ. ಹಾಗಾಗಿ ಎಳ್ಳಿಗೆ ನಾನು ಹುಡುಕುತ್ತಿರುವುದು ಮೊದಲನೇ ಮನೆ ಅಲ್ಲ, ಎರಡನೆಯದು. ಮೂರನೆಯದು ಹುಡುಕುವ ಹಾಗೆ ಆಗಬಾರದು. ಕೆಳಗೆ ನಾನು ಕೇಳುವ ಪ್ರಶ್ನೆಗಳು, ಹಾಕುವ ಷರತ್ತುಗಳು, ಸ್ವಲ್ಪ ಒರಟಾಗಿ ಕೇಳಿಸಬಹುದಾದ ಮಾತುಗಳು ಎಲ್ಲವೂ ಇದಕ್ಕೇ.

ಈಗ ಅವಳು ಹೇಗಿದ್ದಾಳೆ ಅಂತ ಹೇಳಿಬಿಡುತ್ತೇನೆ. ತೊಡೆಯ ಮೂಳೆಗೆ ರಾಡ್ ಹಾಕಿ ಜೋಡಿಸಿದ್ದಾರೆ. ನಡೆಯುತ್ತಾಳೆ, ಓಡುತ್ತಾಳೆ. ಚಳಿ ಜಾಸ್ತಿಯಿದ್ದ ದಿನ ಸ್ವಲ್ಪ ಕುಂಟುತ್ತಾಳೆ. ರಕ್ತ ಪರೀಕ್ಷೆಯಲ್ಲಿ ಉಣ್ಣಿ ಜ್ವರ ಇರುವುದು ಗೊತ್ತಾಯಿತು, 28 ದಿನ ಮಾತ್ರೆ ನುಂಗಿಸಿ ಅದೂ ಆಯಿತು. ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೇನೆ. ಕಿವಿಯ ತುದಿಯಲ್ಲಿ ಒಂದು ಚಿಕ್ಕ ಕಚ್ಚು ಕಾಣುತ್ತದೆ, ಅದು ಆ ಆಪರೇಷನ್ ಆಗಿದೆ ಅನ್ನುವುದರ ಗುರುತು, ಗಾಯ ಅಲ್ಲ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳೂ ರೇಬಿಸ್ ಲಸಿಕೆಯೂ ಆಗಿವೆ. ಪುಸ್ತಕ ಇದೆ, ಕೊಡುತ್ತೇನೆ. ಹಲ್ಲು ನೋಡಿ ವಯಸ್ಸು ಸುಮಾರು ಎರಡು ವರ್ಷ ಅಂದಿದ್ದಾರೆ. ಇಂಥ ನಾಯಿಗಳು ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿಮೂರು ವರ್ಷ ಬದುಕುತ್ತವೆ. ಅಂದರೆ ನಿಮ್ಮ ಮಗು ಈಗ ಮೂರನೇ ಕ್ಲಾಸಿನಲ್ಲಿದ್ದರೆ, ಎಳ್ಳು ಮುದುಕಿಯಾಗುವ ಹೊತ್ತಿಗೆ ಅದು ಕಾಲೇಜಿನಲ್ಲಿರುತ್ತದೆ. ಆಗ ಬೆಳಿಗ್ಗೆ ಅವಳನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ನನ್ನ ಅನುಭವದಲ್ಲಿ ಉತ್ತರ ಯಾವಾಗಲೂ ಅಮ್ಮ.

"ಇಷ್ಟೆಲ್ಲ ಯಾಕೆ, ವಾಸಿ ಆಯ್ತಲ್ಲ, ಎಲ್ಲಿಂದ ತಂದಿರೋ ಅಲ್ಲೇ ಬಿಟ್ಟುಬಿಡಿ" ಅಂತ ಹೇಳಿದವರಿದ್ದಾರೆ. ಅದು ತಪ್ಪು ಮಾತೇನಲ್ಲ. 2023ರಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಹಾಗೇ ಹೇಳುತ್ತವೆ, ಅದಕ್ಕೂ ಹಿಂದಿನ 2001ರ ನಿಯಮಗಳೂ ಹಾಗೇ ಹೇಳುತ್ತಿದ್ದವು: ಬೀದಿ ನಾಯಿಯನ್ನು ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಅದಕ್ಕೆ ಕಾರಣವೂ ಇದೆ. ನಾಯಿಗಳಿಗೆ ಅವುಗಳದ್ದೇ ಗಡಿ ಇರುತ್ತದೆ. ಒಂದು ಗುಂಪನ್ನು ಎತ್ತಿಕೊಂಡು ಹೋದರೆ, ಆ ಜಾಗದ ಕಸಕ್ಕೆ, ಊಟಕ್ಕೆ, ಲಸಿಕೆ ಆಗದ ಬೇರೆ ಗುಂಪು ಬರುತ್ತದೆ. ನಮ್ಮ ಬೀದಿಯಲ್ಲೇ ಮೂರು ನಾಯಿಗಳಿವೆ. ಮೂರಕ್ಕೂ ಆಪರೇಷನ್ ಆಗಿದೆ. ಹಾಲಿನವರು, ಪೇಪರಿನ ಹುಡುಗ, ಕಸದ ಗಾಡಿಯವರು ಎಲ್ಲರ ಗುರುತೂ ಅವಕ್ಕಿದೆ. ಅವುಗಳಿಗೆ ನಾನು ಯಾವತ್ತೂ ಮನೆ ಹುಡುಕಿಲ್ಲ. ಹುಡುಕಿದರೆ ಅವಕ್ಕೇ ಹಿಂಸೆ. 2023ರ ಎಣಿಕೆಯಲ್ಲಿ ಬೆಂಗಳೂರು ಒಂದರಲ್ಲೇ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಅಷ್ಟಕ್ಕೂ ಮನೆ ಸಿಗುತ್ತದೆ ಅಂತ ನಂಬುವಷ್ಟು ಹುಚ್ಚು ನನಗಿಲ್ಲ.

ಆದರೆ ಎಳ್ಳಿಗೆ ಬೀದಿ ಗೊತ್ತಿಲ್ಲ. ಕಾಲು ವಾಸಿಯಾದ ಮೇಲೆ ಒಂದು ಸಂಜೆ ಅವಳನ್ನು ಅದೇ ಮಾರ್ಕೆಟ್ ಯಾರ್ಡಿನ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ನಾಯಿಗಳು ಇವಳನ್ನು ಗುರುತು ಹಿಡಿದರೆ ಬಿಡೋಣ ಅಂತಲೇ ಹೋಗಿದ್ದು. ಗುರುತು ಹಿಡಿಯುವುದಿರಲಿ, ಐದು ನಾಯಿಗಳು ಒಟ್ಟಿಗೆ ಮೇಲೆ ಬಂದವು. ಅವಳು ತಿರುಗಿ ಬೊಗಳಲೂ ಇಲ್ಲ. ಹತ್ತಿರ ಇದ್ದ ಒಂದು ಮನೆಯ ಗೇಟಿಗೆ ಹೋಗಿ ಮುಂಗಾಲಿನಿಂದ ಕೆರೆಯಲು ಶುರು ಮಾಡಿದಳು. ಗುರುತಿಲ್ಲದ ಮನೆ. ಗೇಟು ಅಂದರೆ ತೆರೆಯುತ್ತದೆ ಅಂತ ಅವಳಿಗೆ ಇನ್ನೂ ನಂಬಿಕೆ ಇದೆ. ಎತ್ತಿಕೊಂಡು ವಾಪಸ್ ಬಂದೆ.

ಇನ್ನು ನಿಮ್ಮ ಫೋನುಗಳ ವಿಷಯ. ಫೋನ್ ಮಾಡಿದವರೆಲ್ಲರಿಗೂ ಥ್ಯಾಂಕ್ಸ್. ಆದರೂ ಕೆಲವು ಮಾತು ಹೇಳಲೇಬೇಕು.

ಮೊದಲ ಪ್ರಶ್ನೆ ಸಾಮಾನ್ಯವಾಗಿ "ಯಾವ ಜಾತಿ?" ಅಂತ. ನಾಯಿಗೂ ಜಾತಿ ಕೇಳುವುದು ನಮಗೆ ಎಷ್ಟು ಸಲೀಸು ನೋಡಿ. ಜಾತಿ ನಾಯಿ ಅಲ್ಲ, ಕಂತ್ರಿ ಅಂದರೆ ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ. ಕಂತ್ರಿ ಅನ್ನುವ ಮಾತು ಇಂಗ್ಲಿಷಿನ ಕಂಟ್ರಿಯಿಂದ ಬಂದಿದ್ದು ಅಂತ ಹೇಳುತ್ತಾರೆ, ಅಂದರೆ ಈ ನಾಡಿನದು ಅಂತ ಅರ್ಥ. ಅದು ನಮ್ಮಲ್ಲಿ ಬೈಗುಳ ಆಗಿದೆ. ಈ ನಾಡಿನ ಬಿಸಿಲು, ಈ ನಾಡಿನ ಮುದ್ದೆ, ಈ ನಾಡಿನ ಮಳೆ ಎಲ್ಲಕ್ಕೂ ಒಗ್ಗಿರುವ ಮೈ ಅವಳದು. ಹಿಮದ ನಾಡಿನ ಹಸ್ಕಿ ನಾಯಿಯ ಹಾಗೆ ಏಪ್ರಿಲ್‌ನಲ್ಲಿ ಏಸಿ ಕೇಳುವುದಿಲ್ಲ.

ಎರಡನೇ ಪ್ರಶ್ನೆ, "ಗಂಡಾ ಹೆಣ್ಣಾ?" ಹೆಣ್ಣು ಅಂದ ತಕ್ಷಣ "ಓ... ಗಂಡು ಇದ್ದರೆ ಹೇಳಿ." ಇದನ್ನು ಎಷ್ಟು ಜನ ಹೇಳಿದ್ದಾರೆ ಅಂತ ಎಣಿಸುವುದನ್ನು ಬಿಟ್ಟಿದ್ದೇನೆ. ಮರಿ ಹಾಕುತ್ತದೆ ಅನ್ನುವುದು ಅವರ ಭಯ. ಆಪರೇಷನ್ ಆದ ನಾಯಿ ಮರಿ ಹಾಕುವುದಿಲ್ಲ, ಬೆದೆಗೂ ಬರುವುದಿಲ್ಲ, ಮನೆ ಮುಂದೆ ಗಂಡು ನಾಯಿಗಳ ಜಾತ್ರೆಯೂ ಸೇರುವುದಿಲ್ಲ. ಇಷ್ಟು ವಿವರಿಸಿದ ಮೇಲೂ ಒಬ್ಬರು ಸ್ವಲ್ಪ ಹೊತ್ತು ಯೋಚಿಸಿ, "ಆದರೂ ಹೆಣ್ಣಲ್ವಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚರಂಡಿ ಪಕ್ಕದ ರಟ್ಟಿನ ಡಬ್ಬಗಳಲ್ಲಿ ಸಿಗುವ ಮರಿಗಳಲ್ಲಿ ಹೆಣ್ಣೇ ಯಾಕೆ ಜಾಸ್ತಿ ಅನ್ನುವುದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಒಬ್ಬರಿಗೆ ಜ್ಯೋತಿಷಿ ಹೇಳಿದ್ದರಂತೆ, ಶನಿ ಕಾಟಕ್ಕೆ ಕಪ್ಪು ನಾಯಿ ಸಾಕಬೇಕು ಅಂತ. ಎಳ್ಳು ಅಂತ ಹೆಸರು ಕೇಳಿ ಇನ್ನೂ ಖುಷಿಯಾದರು, ಶನಿಗೂ ಎಳ್ಳಿಗೂ ನಂಟು ಅಲ್ವಾ. ಆದರೆ ಪೂರ್ತಿ ಕಪ್ಪಿರಬೇಕು, ಎಲ್ಲೂ ಒಂದು ಬಿಳಿ ಕೂದಲೂ ಇರಬಾರದು ಅಂದರು. ಎಳ್ಳಿನ ಎದೆಯ ಮೇಲೆ ಅಂಗೈಯಷ್ಟು ಬಿಳಿ ಮಚ್ಚೆ ಇದೆ. ಬಚಾವಾದಳು. ಏಳೂವರೆ ವರ್ಷ ಕಳೆದು ಶನಿ ಬಿಟ್ಟು ಹೋದ ಮೇಲೆ ಇವಳ ಗತಿ ಏನಾಗುತ್ತಿತ್ತೋ.

ಜಾಸ್ತಿ ಬಂದಿದ್ದು ಮಾತ್ರ ತೋಟದ ಮನೆಯವರ ಫೋನು. "ನಮ್ಮದು ನಾಲ್ಕು ಎಕರೆ ಇದೆ, ಆರಾಮಾಗಿ ಓಡಾಡ್ಕೊಂಡು ಇರುತ್ತೆ." ಇದನ್ನು ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ. ನನಗೂ ಆಯಿತು. ಟಿ. ನರಸೀಪುರದ ಕಡೆ ಒಂದು ತೋಟ ನೋಡಲು ಹೋಗಿದ್ದೆ. ಒಳ್ಳೆಯ ಜನ. ತಿಂಡಿ ಕೊಟ್ಟು ಕೂರಿಸಿ ಮಾತಾಡಿದರು. ಮೊದಲು ಇದ್ದ ನಾಯಿ ಏನಾಯಿತು ಅಂತ ಕೇಳಿದೆ. "ಚಿರತೆ ಎತ್ಕೊಂಡು ಹೋಯ್ತು." ಅದಕ್ಕೂ ಮುಂಚಿನದು? "ಅದನ್ನೂ." ಅವರು ಅದನ್ನು ಮುಚ್ಚಿಡಲಿಲ್ಲ, ಮುಚ್ಚಿಡುವ ವಿಷಯ ಅಂತ ಅವರಿಗೆ ಅನ್ನಿಸಲೂ ಇಲ್ಲ. ಆ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು ಎಲ್ಲರಿಗೂ ಗೊತ್ತು. ಚಿರತೆಗೆ ನಾಯಿಯಷ್ಟು ಸುಲಭದ ಊಟ ಇನ್ನೊಂದಿಲ್ಲ. ಹಿಂದಿನವರು ತೋಟದ ನಾಯಿಗಳ ಕುತ್ತಿಗೆಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಿದ್ದರು, ಚಿರತೆ ಕುತ್ತಿಗೆಗೇ ಬಾಯಿ ಹಾಕುತ್ತದೆ ಅಂತ. ಈಗ ಅದನ್ನು ಕಟ್ಟುವವರೂ ಕಡಿಮೆ. ರಾತ್ರಿ ಹೊರಗೆ ಸರಪಳಿ ಹಾಕಿ ಕಟ್ಟಿದ ನಾಯಿ ಕಾವಲಿಗೆ ಅಂತ ನಾವು ಅಂದುಕೊಳ್ಳುತ್ತೇವೆ. ಚಿರತೆಯ ಲೆಕ್ಕದಲ್ಲಿ ಅದು ತಟ್ಟೆಗೆ ಬಡಿಸಿಟ್ಟ ಊಟ. ಓಡಲೂ ಆಗುವುದಿಲ್ಲವಲ್ಲ.

ಹಾಗಂತ ತೋಟದವರು ಬರಲೇಬೇಡಿ ಅಂತಲ್ಲ. ಕತ್ತಲಾದ ಮೇಲೆ ಅವಳನ್ನು ಮನೆಯೊಳಗೆ ಮಲಗಿಸುತ್ತೀರಿ ಅನ್ನುವುದಾದರೆ ಮಾತಾಡೋಣ. ಕೊಟ್ಟಿಗೆಯಲ್ಲಿ ಅಲ್ಲ, ಜಗಲಿಯಲ್ಲೂ ಅಲ್ಲ, ಬಾಗಿಲಿನ ಒಳಗೆ. ಇನ್ನೊಂದು, ಕಾವಲಿಗೆ ಅವಳು ನಿಜವಾಗಲೂ ಪ್ರಯೋಜನ ಇಲ್ಲ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವರನ್ನು ಅಡುಗೆಮನೆವರೆಗೂ ಬಾಲ ಅಲ್ಲಾಡಿಸಿಕೊಂಡು ಕರೆದುಕೊಂಡು ಬಂದಳು.

"ನೀವೇ ಯಾಕೆ ಇಟ್ಟುಕೊಳ್ಳಬಾರದು?" ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಬೇಕಾದ್ದೇ. ನಮ್ಮ ಮನೆಯಲ್ಲಿ ಹದಿಮೂರು ವರ್ಷದ ಒಬ್ಬ ಮುದುಕ ಇದ್ದಾನೆ. ಕಣ್ಣು ಕಾಣುವುದಿಲ್ಲ. ಎಳ್ಳು ಆಡಲು ಬಂದು ಡಿಕ್ಕಿ ಹೊಡೆದರೆ ಅವನಿಗೆ ಯಾರು ಬಂದರು ಅಂತ ಗೊತ್ತಾಗದೆ ಕಚ್ಚುತ್ತಾನೆ. ಏಳು ತಿಂಗಳಿಂದ ಒಬ್ಬರು ರೂಮಿನೊಳಗೆ, ಒಬ್ಬರು ಹಾಲಿನಲ್ಲಿ, ಗಂಟೆ ನೋಡಿಕೊಂಡು ಪಾಳಿ ಬದಲಿಸುತ್ತಿದ್ದೇವೆ. ಬಾಡಿಗೆ ಮನೆ. ಓನರ್ ಒಂದು ನಾಯಿಗೆ ಒಪ್ಪಿದ್ದರು, ಎರಡನೆಯದಕ್ಕೆ ದಸರಾವರೆಗೆ ಟೈಮ್ ಕೊಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾಯಿ ಅಂದ ತಕ್ಷಣ ಅಡ್ವಾನ್ಸ್ ವಾಪಸ್ ಕೊಡುವ ಓನರ್‌ಗಳ ನಡುವೆ ಇವರು ದೇವರು.

ಬಾಡಿಗೆ ಮನೆಯಲ್ಲಿರುವವರು ನಿಮ್ಮ ಓನರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಆಮೇಲೆ ನೋಡೋಣ, ಗೊತ್ತಾಗದ ಹಾಗೆ ಇಟ್ಟುಕೊಳ್ಳೋಣ ಅನ್ನಬೇಡಿ. ನಾಯಿಯನ್ನು ಬಚ್ಚಿಡಲು ಆಗುವುದಿಲ್ಲ. ಸ್ವಂತ ಫ್ಲಾಟ್ ಇರುವವರ ವಿಷಯ ಬೇರೆ. ಅಪಾರ್ಟ್‌ಮೆಂಟ್ ಸಂಘದವರು ಮೀಟಿಂಗ್ ಮಾಡಿ, ಬಹುಮತ ತಗೊಂಡು ನಾಯಿ ಸಾಕಬಾರದು ಅಂತ ನಿಯಮ ಮಾಡುವ ಹಾಗಿಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಹಾಗಂತ ಲಿಫ್ಟಿನಲ್ಲಿ ಹೆದರಿಕೊಳ್ಳುವವರಿದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ. ಪಾರ್ಕಿನಲ್ಲಿ ಹೇಲು ಎತ್ತಲು ಕವರ್ ಇಟ್ಟುಕೊಳ್ಳಿ. ಇಷ್ಟು ಮಾಡಿದರೆ ಅರ್ಧ ಜಗಳ ಶುರುವೇ ಆಗುವುದಿಲ್ಲ.

ರೇಬಿಸ್ ಬಗ್ಗೆ ಕೇಳಿದವರನ್ನು ನಾನು ತಮಾಷೆ ಮಾಡುವುದಿಲ್ಲ. ಬಂದರೆ ಉಳಿಸುವ ಔಷಧಿ ಇಲ್ಲದ ಕಾಯಿಲೆ ಅದು, ಹೆದರುವುದು ಸರಿಯೇ. ಎಳ್ಳಿನ ಮಟ್ಟಿಗೆ ಹೇಳುವುದಾದರೆ ಏಳು ತಿಂಗಳಿಂದ ನನ್ನ ಕಣ್ಣೆದುರಿಗೇ ಇದ್ದಾಳೆ. ರೇಬಿಸ್ ಲಕ್ಷಣ ಕಾಣಿಸಿದ ನಾಯಿ ಸಾಮಾನ್ಯವಾಗಿ ಹತ್ತು ದಿನ ಉಳಿಯುವುದಿಲ್ಲ. ಲಸಿಕೆ ಆಗಿದೆ, ವರ್ಷಕ್ಕೊಮ್ಮೆ ಮತ್ತೆ ಹಾಕಿಸುವುದು ಇನ್ನು ನಿಮ್ಮ ಕೆಲಸ. ಅವಳ ಹಲ್ಲು ಆಟದಲ್ಲಿ ತಾಗಿದರೂ, ಬೀದಿಯ ಬೇರೆ ನಾಯಿ ಕಚ್ಚಿದರೂ ಮಾಡಬೇಕಾದ್ದು ಒಂದೇ: ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಹದಿನೈದು ನಿಮಿಷ ಅಂದರೆ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ನಾವು ಸಾಮಾನ್ಯವಾಗಿ ಒಂದು ನಿಮಿಷಕ್ಕೆ ನಲ್ಲಿ ನಿಲ್ಲಿಸುತ್ತೇವೆ.

ಈಗ ಎಳ್ಳಿನ ಕೆಟ್ಟ ಗುಣಗಳು. ಮದುವೆ ದಲ್ಲಾಳಿಯ ಹಾಗೆ ಬರೀ ಒಳ್ಳೆಯದು ಹೇಳಿ ಸಾಗಹಾಕಿದರೆ ಮೂರು ತಿಂಗಳಿಗೆ ವಾಪಸ್ ಬರುತ್ತಾಳೆ.

ಹಗ್ಗ ಕಂಡರೆ ಉಚ್ಚೆ ಮಾಡಿಕೊಳ್ಳುತ್ತಾಳೆ. ಬಾವಿಯ ಹಗ್ಗ, ಬಟ್ಟೆ ಹಗ್ಗ, ಪಕ್ಕದ ಮನೆಯ ಹುಡುಗಿ ಸ್ಕಿಪ್ಪಿಂಗ್ ಆಡುವ ಹಗ್ಗ, ಯಾವುದಾದರೂ. ಕುತ್ತಿಗೆಗೆ ಬೆಲ್ಟ್ ಹಾಕಲು ಇವತ್ತಿಗೂ ಬಿಡುವುದಿಲ್ಲ. ಎದೆಗೆ ಸುತ್ತುವ ಹಾರ್ನೆಸ್ ಹಾಕಲು ಎರಡು ತಿಂಗಳು ಹಿಡಿಯಿತು. ಮೊದಲು ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟೆ, ಆಮೇಲೆ ಬೆನ್ನ ಮೇಲೆ ಸುಮ್ನೆ ಇಟ್ಟೆ, ಆಮೇಲೆ ಒಂದು ಬಕಲ್ ಹಾಕಿದೆ. ಈಗ ಅದನ್ನು ಕೈಗೆತ್ತಿಕೊಂಡರೆ ತಾನೇ ಬಂದು ನಿಲ್ಲುತ್ತಾಳೆ. ಆ ಹಾರ್ನೆಸ್ ಅವಳ ಜೊತೆಗೇ ಬರುತ್ತದೆ, ಬದಲಿಸಬೇಡಿ.

ಚಪ್ಪಲಿ ತಿನ್ನುತ್ತಾಳೆ. ಎಡಗಾಲಿನದ್ದು ಮಾತ್ರ, ಯಾಕೋ ಗೊತ್ತಿಲ್ಲ. ಒಬ್ಬಳನ್ನೇ ಬಿಟ್ಟು ಹೋದರೆ ಮೊದಲ ಹದಿನೈದು ನಿಮಿಷ ಬಾಗಿಲು ಕೆರೆದು ಅಳುತ್ತಾಳೆ. ಗಂಡಸರು ಜೋರಾಗಿ ಮಾತಾಡಿದರೆ ಮಂಚದ ಕೆಳಗೆ ಹೋಗುತ್ತಾಳೆ. ಪಟಾಕಿಗೆ ವಿಪರೀತ ಹೆದರುತ್ತಾಳೆ. ಮೈಸೂರಿನವರಿಗೆ ಇದನ್ನು ಒತ್ತಿ ಹೇಳಬೇಕು. ಗಣೇಶನ ಹಬ್ಬದಿಂದ ಶುರುವಾಗುವ ಸದ್ದು ದೀಪಾವಳಿವರೆಗೂ ನಿಲ್ಲುವುದಿಲ್ಲ, ನಡುವೆ ದಸರಾ ಆನೆಗಳಿಗೆ ರೂಢಿ ಮಾಡಿಸಲು ಕುಶಾಲತೋಪಿನ ತಾಲೀಮು ಬೇರೆ. ಆನೆಗಾದರೂ ತಾಲೀಮು ಇದೆ, ನಾಯಿಗಳಿಗೆ ಯಾರು ಹೇಳಿಕೊಡುತ್ತಾರೆ? ಹೊಸ ಮನೆಗೆ ಬಂದ ನಾಯಿ ತಪ್ಪಿಸಿಕೊಂಡು ಹೋಗುವುದು ಹೆಚ್ಚಾಗಿ ಮೊದಲ ಎರಡು ಮೂರು ವಾರಗಳಲ್ಲೇ. ಒಂದು ಸದ್ದಿಗೆ ಬೆದರಿ, ತೆರೆದ ಗೇಟಿನಿಂದ ಓಡಿದರೆ ವಾಪಸ್ ಬರುವ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಹಾರ್ನೆಸ್‌ಗೆ ನಿಮ್ಮ ನಂಬರ್ ಬರೆದ ಬಿಲ್ಲೆ ಮೊದಲ ದಿನವೇ ಹಾಕಿ.

ನಾಯಿಗಳಿಗೆ ಮನೆ ಹುಡುಕುವ ಕೆಲಸ ಮಾಡುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ನಾಯಿಗೆ ತಲೆಬುಡ ತಿಳಿಯುವುದಿಲ್ಲ, ಊಟ ಬಿಡಬಹುದು, ಮೂಲೆ ಹಿಡಿದು ಕೂರಬಹುದು. ಮೂರು ವಾರಕ್ಕೆ ಮನೆಯ ಹೊತ್ತು ಗೊತ್ತು ಅರ್ಥವಾಗುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಎಳ್ಳು ಈ ಲೆಕ್ಕಕ್ಕಿಂತ ನಿಧಾನ. ನನ್ನ ಕೈಯಿಂದ ಅನ್ನ ತಿನ್ನಲು ಅವಳಿಗೆ ಹನ್ನೊಂದು ದಿನ ಬೇಕಾಯಿತು.

ಊಟದಲ್ಲಿ ತಕರಾರಿಲ್ಲ. ಅನ್ನ, ಬೇಯಿಸಿದ ಕೋಳಿ, ಮೊಟ್ಟೆ, ಮೊಸರು, ರಾಗಿಮುದ್ದೆ ಎಲ್ಲ ತಿನ್ನುತ್ತಾಳೆ. ಸಸ್ಯಾಹಾರಿಗಳ ಮನೆಯಾದರೆ ಅಂಗಡಿಯ ನಾಯಿ ಆಹಾರ ಕೊಡಿ, ಬರೀ ಮೊಸರನ್ನದಲ್ಲಿ ನಾಯಿ ಸೊರಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ನಾಯಿಯ ರಕ್ತಕ್ಕೆ ಅದು ಒಳ್ಳೆಯದಲ್ಲ. ಚಾಕೊಲೇಟ್ ಬೇಡ. ದ್ರಾಕ್ಷಿ ಹಸಿದೂ ಬೇಡ, ಒಣಗಿದ್ದೂ ಬೇಡ, ಕಿಡ್ನಿ ಕೆಡುತ್ತದೆ. ಬಿರಿಯಾನಿಯ ಮೂಳೆ ಬೇಡವೇ ಬೇಡ, ಬೆಂದ ಮೂಳೆ ಸೂಜಿಯ ಹಾಗೆ ಸೀಳಿಕೊಂಡು ಕರುಳಿಗೆ ಚುಚ್ಚುತ್ತದೆ. ನನಗೆ ತಿಂಗಳಿಗೆ ಊಟಕ್ಕೆ, ಉಣ್ಣಿ ಔಷಧಿಗೆ ಸೇರಿ ಮೂರು ಸಾವಿರದ ಹತ್ತಿರ ಆಗುತ್ತಿದೆ. ಕಾಯಿಲೆ ಬಿದ್ದರೆ ಅದರ ಲೆಕ್ಕ ಬೇರೆ.

ಕೊಡುವ ಮುಂಚೆ ನಿಮ್ಮ ಮನೆಗೆ ಒಂದು ಸಲ ಬರುತ್ತೇನೆ. ಹೆಣ್ಣು ನೋಡುವ ಶಾಸ್ತ್ರ ಇದ್ದ ಹಾಗೆ, ಆದರೆ ಇಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುತ್ತಾರೆ. ಉಪ್ಪಿಟ್ಟು ಕೇಸರಿಬಾತ್ ಏನೂ ಬೇಡ, ಕೇಸರಿಬಾತಿನಲ್ಲಿ ದ್ರಾಕ್ಷಿ ಇರುತ್ತದೆ, ಎಳ್ಳು ನನ್ನ ಜೊತೆಗೇ ಇರುತ್ತಾಳೆ. ನೋಡುವುದು ಇಷ್ಟೇ: ಗೇಟಿನ ಸರಳುಗಳ ನಡುವೆ ಅವಳು ನುಸುಳಬಹುದಾ, ಟೆರೇಸಿಗೆ ಗೋಡೆ ಎಷ್ಟು ಎತ್ತರ, ರಾತ್ರಿ ಎಲ್ಲಿ ಮಲಗುತ್ತಾಳೆ, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆಯಾ. ಕೊನೆಯದು ಮುಖ್ಯ. ಒಬ್ಬರು ಮೂತಿ ತಿರುಗಿಸಿಕೊಂಡು ಕೂತಿದ್ದರೂ ನಾನು ಕಾಫಿ ಕುಡಿದು ವಾಪಸ್ ಬರುತ್ತೇನೆ.

ಒಂದು ಕಾಗದಕ್ಕೆ ಸಹಿ ಮಾಡಬೇಕು, ಗುರುತಿನ ಚೀಟಿಯ ಒಂದು ಕಾಪಿ ಕೊಡಬೇಕು. "ನಾಯಿ ಕೊಡೋಕೆ ಆಧಾರ್ ಯಾಕ್ರೀ?" ಅಂತ ಒಬ್ಬರು ರೇಗಿದರು. ಸಿಮ್ ಕಾರ್ಡಿಗೆ ಕೊಡುತ್ತೀರಲ್ಲ, ಇದಕ್ಕೆ ಕೊಟ್ಟರೆ ಏನು? ಆ ಕಾಗದದಿಂದ ನಾನು ಕೋರ್ಟಿಗೆ ಹೋಗುತ್ತೇನೆ ಅಂತಲ್ಲ. ಹೋದರೂ ಏನಾಗುತ್ತದೆ? ಸಾಕಿದ ಪ್ರಾಣಿಯನ್ನು ಹಸಿವಿನಲ್ಲಿ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. 1960ರಲ್ಲಿ ಅದು ದುಡ್ಡೇ ಇರಬಹುದು. ಈಗ ಐವತ್ತು ರೂಪಾಯಿಗೆ ಒಂದು ಒಳ್ಳೆಯ ಮಸಾಲೆ ದೋಸೆ ಬಂದರೆ ಪುಣ್ಯ. ಆ ನೀಲಿ ಹಗ್ಗ ಕಟ್ಟಿದವರು ಸಿಕ್ಕಿದ್ದರೂ ಅಷ್ಟೇ ಆಗುತ್ತಿತ್ತು. ಬೀದಿ ನಾಯಿಗಳ ಬಗ್ಗೆ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ ದತ್ತು ತಗೊಳ್ಳುವವರ ಬಗ್ಗೆಯೂ ಒಂದು ಮಾತಿದೆ: ಪಾಲಿಕೆಗೆ ಅರ್ಜಿ ಹಾಕಿ ತಗೊಳ್ಳಬಹುದು, ತಗೊಂಡ ಮೇಲೆ ಆ ನಾಯಿ ಮತ್ತೆ ಬೀದಿಗೆ ಬರದ ಹಾಗೆ ನೋಡಿಕೊಳ್ಳುವುದು ಅವರದೇ ಜವಾಬ್ದಾರಿ. ಆ ಆದೇಶದ ಬಗ್ಗೆ, ಅದರ ಹಿಂದೆ ಮುಂದೆ ಬಂದವುಗಳ ಬಗ್ಗೆ ಊರೆಲ್ಲ ಜಗಳ ಆಡಿತು. ಈ ಒಂದು ಸಾಲಿನ ಬಗ್ಗೆ ಯಾರೂ ಜಗಳ ಆಡಿದ್ದು ನಾನು ಕೇಳಲಿಲ್ಲ.

ನನ್ನ ಕಾಗದದಲ್ಲಿ ನನಗೆ ಬೇಕಾಗಿರುವುದು ಒಂದೇ ಸಾಲು. ಯಾವುದೇ ಕಾರಣಕ್ಕೆ ಎಳ್ಳು ಬೇಡವಾದರೆ, ಅದು ನಾಳೆಯೇ ಆಗಲಿ, ಎಂಟು ವರ್ಷ ಬಿಟ್ಟೇ ಆಗಲಿ, ನನಗೆ ವಾಪಸ್ ಕೊಡಬೇಕು. ವರ್ಗ ಆಯಿತು, ಮಗು ಹುಟ್ಟಿತು, ಅಲರ್ಜಿ, ಏನಾದರೂ ಸರಿ, ನಾನು ಕಾರಣ ಕೇಳುವುದಿಲ್ಲ, ಬೈಯುವುದಿಲ್ಲ. ಬೇರೆಯವರಿಗೆ ದಾಟಿಸುವುದು ಬೇಡ, ದೇವಸ್ಥಾನದ ಹತ್ತಿರ ಬಿಟ್ಟರೆ ಪ್ರಸಾದ ತಿಂದುಕೊಂಡು ಇರುತ್ತದೆ ಅನ್ನುವುದು ಬೇಡ. ಅವಳು ಅಲ್ಲೂ ಗೇಟು ಕೆರೆಯುತ್ತಾ ನಿಲ್ಲುತ್ತಾಳೆ.

ಕೋಪದಲ್ಲಿ ಬರೆದ ಹಾಗಿದೆ ಅಂತ ನಮ್ಮಮ್ಮ ಇಷ್ಟನ್ನು ಓದಿ ಹೇಳಿದರು. ಹಾಗಾಗಿ ಒಂದು ಒಳ್ಳೆಯ ಕಥೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಆತಕೂರಿನ ಶಾಸನ ಅಂತ ಒಂದು ಕಲ್ಲಿದೆ. ಮಂಡ್ಯ ಜಿಲ್ಲೆ ಕಡೆಯದು, ಸಾವಿರ ವರ್ಷಕ್ಕಿಂತ ಹಳೆಯದು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಯಿತು. ರಾಷ್ಟ್ರಕೂಟರ ಕಡೆ ಗಂಗರ ಬೂತುಗನ ಜೊತೆ ಮಣಲೆರ ಅನ್ನುವ ವೀರ ಹೋರಾಡಿದ. ಏನು ಬೇಕೋ ಬೇಡಿಕೋ ಅಂತ ದೊರೆ ಮೆಚ್ಚಿ ಹೇಳಿದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆಮೇಲೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಡಿಸಿ, ಪೂಜೆ ನಡೆಯಲಿ ಅಂತ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಎದುರು ಬದುರು ಇವೆ.

ನಮ್ಮ ಕಾಳಿ ಹಂದಿ ಕಂಡರೆ ಓಡಿ ಬಂದು ನನ್ನ ಕಾಲ ಸಂದಿಯಲ್ಲಿ ನಿಲ್ಲುತ್ತಾಳೆ. ಅದಕ್ಕೆ ಕಲ್ಲು ಯಾರೂ ನೆಡಿಸುವುದಿಲ್ಲ. ಆದರೆ ಕೇಳಿ ತಗೊಳ್ಳುವ ಆ ಮಣಲೆರನ ಥರದವರು ಒಬ್ಬರು ಸಿಕ್ಕರೆ ಸಾಕು. ಪಾಪ ಅಂತ ಬರಬೇಡಿ. ಪಾಪ ಅನ್ನಿಸುವುದು ಒಂದು ವಾರಕ್ಕೆ ಮುಗಿಯುತ್ತದೆ, ಆ ಕಬ್ಬಿನ ರಾಶಿಯ ಹತ್ತಿರ ನಿಂತಿದ್ದವರೆಲ್ಲರಿಗೂ ಪಾಪ ಅನ್ನಿಸಿತ್ತು.

ಇಷ್ಟು ಓದಿದ ಮೇಲೂ ಬರಬೇಕು ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಬನ್ನಿ. ಮನೆಯವರೆಲ್ಲ ಬನ್ನಿ. ಗೇಟಿನ ಚಿಲಕದ ಸದ್ದಿಗೆ ಅವಳು ಮಂಚದ ಕೆಳಗೆ ಹೋಗುತ್ತಾಳೆ. ಕರೆಯಬೇಡಿ, ಬಗ್ಗಿ ನೋಡಬೇಡಿ, ಕೈ ಚಾಚಬೇಡಿ. ನೆಲದ ಮೇಲೆ ಕೂತು ನಮ್ಮ ಜೊತೆ ಮಾತಾಡುತ್ತಾ ಇರಿ. ಅರ್ಧ ಗಂಟೆ ಆಗಬಹುದು, ಒಂದು ಗಂಟೆಯೂ ಆಗಬಹುದು. ಮೊದಲು ಮೂಗು ಕಾಣಿಸುತ್ತದೆ. ಆಗಲೂ ಸುಮ್ನೆ ಇರಿ. ಅಷ್ಟರಲ್ಲಿ ಎರಡನೇ ಸಲ ಕಾಫಿ ಮಾಡಿರುತ್ತೇವೆ.

ಇಂತಿ,
ಎಳ್ಳಿನ ಸದ್ಯದ ಮನೆಯವರು
ಮೈಸೂರು

ತಾಜಾ ಕಲಂ: ಚಪ್ಪಲಿ ಒಳಗೆ ತಂದಿಟ್ಟುಕೊಳ್ಳಿ. ಎಡಗಾಲಿನದ್ದಾದರೂ.